ನಲವತ್ತೊಂದು ದೇಶಗಳ ಕಪಾಟು

ದಾಮೋದರರ ಕಪಾಟಿನಲ್ಲಿ ನಲವತ್ತೊಂದು ದೇಶಗಳ ಫುಟ್‌ಬಾಲ್ ಜೆರ್ಸಿಗಳಿದ್ದವು. ಹೆಂಡತಿ ವಾರಿಜಕ್ಕನ ಸೀರೆಗಳು ಮಂಚದ ಕೆಳಗಿನ ಟ್ರಂಕಿನಲ್ಲಿದ್ದವು. ಅಂಚೆ ಕಚೇರಿಯಿಂದ ನಿವೃತ್ತರಾದ ಮರುವಾರವೇ ದಾಮೋದರರು ನಲವತ್ತೆರಡನೆಯದನ್ನು ತಂದಾಗ ವಾರಿಜಕ್ಕ ದೊಡ್ಡದೊಂದು ಚೀಲ ಹಿಡಿದು ಕಪಾಟಿನ ಮುಂದೆ ನಿಂತರು.

“ಇವತ್ತು ಎಲ್ಲವನ್ನೂ ಊರಿನ ಫುಟ್‌ಬಾಲ್ ಕ್ಲಬ್ಬಿನ ಮಕ್ಕಳಿಗೆ ಕೊಡುವುದು.”

“ಒಂದೊಂದರಲ್ಲಿ ಒಂದೊಂದು ನೆನಪುಂಟು ಮಾರಾಯ್ತಿ. ಇದು ಫ್ರಾನ್ಸ್. ಅವರು ಕಪ್ ಗೆದ್ದ ವಾರವೇ ನಮ್ಮ ಮಗಳು ಹುಟ್ಟಿದ್ದು. ಇದು ಸೆನೆಗಲ್. ಇವರು ಫ್ರಾನ್ಸನ್ನು ಸೋಲಿಸಿದ ದಿನ ನಾನು ಹಲ್ಲು ಕೀಳಿಸಿದ್ದು.”

“ಹಲ್ಲಿನದ್ದೆಲ್ಲ ನೆನಪುಂಟು. ನೀವು ನನ್ನನ್ನು ನೋಡಲಿಕ್ಕೆ ಬಂದ ದಿನ ನಾನು ಯಾವ ಸೀರೆ ಉಟ್ಟಿದ್ದೆ? ಅದು ಹೇಳಿದರೆ ಒಂದನ್ನೂ ಮುಟ್ಟುವುದಿಲ್ಲ.”

ದಾಮೋದರರು ಗೋಡೆಯ ಕಡೆ ತಿರುಗಿದರು. ವಾರಿಜಕ್ಕ ಒಂದೊಂದೇ ಜೆರ್ಸಿ ಮಡಚಿ ಚೀಲಕ್ಕೆ ತುಂಬತೊಡಗಿದರು. ಎಲ್ಲಕ್ಕಿಂತ ಅಡಿಯಲ್ಲಿದ್ದ, ಬಣ್ಣ ಮಾಸಿದ ಬ್ರೆಜಿಲ್ ಜೆರ್ಸಿಗೆ ಕೈ ಹಾಕಿದಾಗ ಮಾತ್ರ ದಾಮೋದರರು ತಡೆದರು.

“ಹಳದಿ ಸೀರೆ. ಹಸಿರು ಅಂಚು.”

ವಾರಿಜಕ್ಕನ ಕೈ ನಿಂತಿತು. “ಗೊತ್ತಿದ್ದೂ ಇಷ್ಟು ಹೊತ್ತು ಎಂತಕ್ಕೆ ಹೇಳಲಿಲ್ಲ?”

“ನಾಚಿಕೆ ಆಯಿತು. ಅವತ್ತು ನಿಮ್ಮ ಮನೆಯಿಂದ ವಾಪಸು ಬರುವಾಗ ಇದು ಒಂದು ಅಂಗಡಿಯಲ್ಲಿ ನೇತಾಡುತ್ತಿತ್ತು. ಅದೇ ಬಣ್ಣ ನೋಡಿ ತೆಗೆದುಕೊಂಡೆ. ಫುಟ್‌ಬಾಲಿನಲ್ಲಿ ಎಷ್ಟು ಜನ ಆಡುತ್ತಾರೆಂದು ಸಹ ನನಗೆ ಆಗ ಗೊತ್ತಿರಲಿಲ್ಲ.”