ಕಿಟಕಿಯ ಆಚೆ ಬದಿ

"ಮಲಗುವುದು ಎಲ್ಲಿ?" ಜೀಪಿನ ಹಿಂಬಾಗಿಲು ತೆರೆದ ಜಯಲತಾ ಕೇಳಿದಳು. ಇಬ್ಬರೇ ಹಿಮಬೆಟ್ಟಗಳ ನಡುವಿನ ಸ್ಪಿತಿಗೆ ಹೋಗಲೆಂದು ಗಂಡ ಲೀಲಾಧರ, ಮಹಾಪೆ ಊರಿನ ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ನಿಂತು ಮಾಡಿಸಿದ ಗಾಡಿ ಅದು. ಹಾಸಿಗೆಯ ಜಾಗದಲ್ಲಿ ಗ್ಯಾಸ್ ಒಲೆ, ದೋಸೆ ಕಾವಲಿ, ಗ್ರೈಂಡರ್. ಬದಿಗೆ ತಿಂಡಿ ಕೊಡುವ ಕಿಟಕಿ ಬೇರೆ.

"ದಾರಿಯಲ್ಲಿ ಯಾರಾದರೂ ಹಸಿದು ಬಂದರೆ ಅಂತ..." ಅವನ ಸ್ವರ ತಗ್ಗಿತು.

"ಇಷ್ಟು ವರ್ಷ ನೆರೂಳಿನ ನಮ್ಮ ಹೊಟೇಲಿನಲ್ಲಿ ಬೆಂದದ್ದು ಸಾಲದಾ? ಇನ್ನು ಬೆಟ್ಟದ ಮೇಲೂ ನಾನು ಹಿಟ್ಟು ರುಬ್ಬಬೇಕಾ?"

ಲೀಲಾಧರ ಸ್ಪ್ಯಾನರ್ ಹಿಡಿದು ಒಳಗೆ ಹತ್ತಿ, ಗ್ರೈಂಡರಿನ ಬೋಲ್ಟು ಬಿಚ್ಚತೊಡಗಿದ. ಜಯಲತಾ ಮಡಚುವ ಕುರ್ಚಿಯನ್ನು ಕಿಟಕಿಯ ಹೊರಗೆ ಎಳೆದು ಕುಳಿತಳು. ಹೊಟೇಲಿನಲ್ಲಿ ಅವಳು ಗಿರಾಕಿಗಳ ಆ ಬದಿಗೆ ಒಮ್ಮೆಯೂ ಕುಳಿತವಳಲ್ಲ.

"ಒಂದು ಚಾ," ಎಂದಳು, ಮುಖ ಗಂಟಿಕ್ಕಿಕೊಂಡೇ. "ಸ್ಟ್ರಾಂಗ್. ಸಕ್ಕರೆ ಕಮ್ಮಿ. ಬೇಗ ಕೊಡಿ."