ಕಿಟಕಿ ಪಕ್ಕದ ಸೀಟು

"ಆ ಹೆಸರು ತೆಗೆದುಬಿಡು ಬಿಂದು," ಎಂದಳು ಫೋನಿನಲ್ಲಿ ಸೌಮ್ಯ, ಮೈಸೂರು ಆಫೀಸಿನ ಟೀಮ್ ಲೀಡರ್. "ಪರೀಕ್ಷೆಗೆ ನಿಜವಾದ ಮನುಷ್ಯರ ಹೆಸರು ಬಳಸಬಾರದಂತೆ. ಬಸ್ ಕಂಪನಿಯವರ ಹೊಸ ನಿಯಮ."

ಬಿಂದುಶ್ರೀ ಕೀಬೋರ್ಡಿನಿಂದ ಕೈ ತೆಗೆದಳು. "ಅದು ನಮ್ಮಪ್ಪನ ಹೆಸರು, ಮೇಡಂ."

"ಗೊತ್ತು. ಅದಕ್ಕೇ ಮೇಲ್ ಹಾಕದೆ ನಾನೇ ಫೋನ್ ಮಾಡಿದೆ."

ಬಸ್ ಟಿಕೆಟ್ಟಿನ ವೆಬ್‌ಪುಟವನ್ನು ತಾನಾಗಿ ತೆರೆದು, ಹೆಸರು ತುಂಬಿ, ಸೀಟು ಒತ್ತಿ, ಎಲ್ಲ ಸರಿಯಿದೆಯೇ ಎಂದು ನೋಡುವ ಪ್ರೋಗ್ರಾಂ ಬರೆಯುವುದು ಬಿಂದುವಿನ ಕೆಲಸ. ತಿಗನಾರೆ ಹಳ್ಳಿಯ ಮನೆಯ ಜಗಲಿಯೇ ಅವಳ ಆಫೀಸು. ಪ್ರಯಾಣಿಕನಿಗೊಂದು ಹೆಸರು ಬೇಕಿತ್ತು, ಅಪ್ಪ ನಂಜಪ್ಪನದನ್ನೇ ಹಾಕಿದ್ದಳು. ಅಂದಿನಿಂದ ಅವನಿಗೆ ಅದೇ ಹುಚ್ಚು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪಕ್ಕದಲ್ಲಿ ಹಾಜರು.

"ಇವತ್ತು ನಾನು ಯಾವೂರ್ಗೆ ಒಂಟಿವ್ನಿ ಮಗ?"

"ಗೋವಾಕ್ಕೆ ಅಪ್ಪ."

"ಕಿಟ್ಕಿ ಪಕ್ಕ ಆಕು. ಕಾಸೇನ್ ನಮ್ದಾ?"

ಮೈಸೂರಿನ ಆಚೆ ಕಾಲಿಡದ ಮನುಷ್ಯ ಹೀಗೆ ದೇಶವೆಲ್ಲ ಸುತ್ತಿದ. ಜೋಳದ ಹೊಲದ ಕಾವಲಿಗೆ ಹೋದವನನ್ನು ಆನೆ ತುಳಿದು ಸಾಯಿಸಿತು; ಸತ್ತವನ ಶಿವಗಣಾರಾಧನೆಯ ಕಾರ್ಯ ಮುಗಿದ ಮೇಲೂ ಅವನು ಪರದೆಯ ಮೇಲೆ ಸುತ್ತುತ್ತಲೇ ಇದ್ದ.

ಮೊದಲು ಆ ಹೆಸರನ್ನು ಒಂದೊಂದು ಪರೀಕ್ಷೆಯಲ್ಲೂ ಪ್ರತ್ಯೇಕವಾಗಿ ಬರೆದಿತ್ತು. ಪುಟದಲ್ಲಿ ಒಂದು ಬಟನ್ ಬದಲಾದರೂ ಅಷ್ಟನ್ನೂ ತಿದ್ದುತ್ತಾ ಕೂರಬೇಕಿತ್ತು. ಕಳೆದ ಯುಗಾದಿಯ ಹೊತ್ತಿಗೆ ಬಿಂದು ಹಟ ಹಿಡಿದು, ಪುಟದ ವಿವರವೆಲ್ಲ ಒಂದು ಕಡೆ, ಪ್ರಯಾಣಿಕನ ವಿವರ ಒಂದು ಕಡೆ ಎಂದು ಇಡೀ ಕೋಡನ್ನು ಓರಣ ಮಾಡಿದ್ದಳು. ಅಲ್ಲಿ ತಿದ್ದಿದರೆ ಸಾಕು, ಎಲ್ಲ ಕಡೆ ಬದಲಾಗುತ್ತಿತ್ತು. ಆಫೀಸಿನವರು ಹೊಗಳಿದ್ದೇ ಹೊಗಳಿದ್ದು.

"ಪುಣ್ಯಕ್ಕೆ ತಿದ್ದಬೇಕಾದ್ದು ಒಂದೇ ಸಾಲು," ಎಂದಳು ಫೋನಿನಲ್ಲಿ ಸೌಮ್ಯ. "ಹಳೇ ಕೋಡ್ ಆಗಿದ್ದರೆ ವಾರವೆಲ್ಲ ಸಂಕಟಪಡಬೇಕಿತ್ತು ನೀನು."

ವಾರವಾದರೂ ಸಿಗುತ್ತಿತ್ತಲ್ಲ ಅನ್ನಿಸಿತು ಬಿಂದುವಿಗೆ. ಫೋನಿಟ್ಟು, ಆ ಸಾಲಿನಲ್ಲಿ 'ಪ್ರಯಾಣಿಕ' ಎಂದು ಬರೆದಳು. ಎಲ್ಲಾದರೂ ಮರೆತು ಬಿಟ್ಟಿರಬಹುದೇ ಎಂದು ಆಸೆಯಿಂದ ಕೋಡೆಲ್ಲ ಹುಡುಕಿದಳು. ಒಂದು ಮೂಲೆಯಲ್ಲೂ ಅಪ್ಪ ಸಿಗಲಿಲ್ಲ. ನನ್ನ ಓರಣಕ್ಕಿಷ್ಟು ಬೆಂಕಿ ಬೀಳಲಿ ಎಂದು ಕಣ್ಣೊರೆಸಿಕೊಂಡಳು.

ಪರೀಕ್ಷೆ ಓಡಿಸಿದಳು. ಪುಟ ತಾನಾಗಿ ತೆರೆದುಕೊಂಡಿತು. ಅಷ್ಟರಲ್ಲಿ ಅವ್ವ ಪುಟ್ಟಮಲ್ಲಮ್ಮ ಕಾಫಿ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಅಪ್ಪ ಹೋದ ಮೇಲೆ ಈ ಹೊತ್ತಿಗೆ ಬರುತ್ತಿದ್ದವಳು ಅವಳೇ.

"ಇವತ್ತು ಯಾವೂರ್ಗೆ ಒಂಟವ್ರೆ?"

"ಗೋಕರ್ಣಕ್ಕೆ ಕಣವ್ವ."

ಅವ್ವ ಸೆರಗಿನಲ್ಲಿ ಕನ್ನಡಕ ಒರೆಸಿ ಹಾಕಿಕೊಂಡಳು. ಪರದೆಯಲ್ಲಿ ಕಿಟಕಿ ಪಕ್ಕದ ಸೀಟಿನ ಹೆಸರಿನ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದಳು.

"ಇದ್ಯಾರ್ ಮಗ, ನಿಮ್ಮಪ್ಪನ ಜಾಗ್ದಲ್ಲಿ ಕೂತಿರೋನು?"