ಸಾಮಿಲ್ಲಿಗೆ ಸರ್ಕಾರದ ನೆರವು

ಹೊರದೇಶದವರು ಇಲ್ಲಿಂದ ಹೋಗುವ ಮರದ ಮೇಲೆ ಸುಂಕ ಏರಿಸಿದ್ದೇ ಜಿಲ್ಲೆಯ ಸಾಮಿಲ್ಲುಗಳ ಗರಗಸಗಳು ನಿಂತವು. ಸರ್ಕಾರ ನೆರವು ಘೋಷಿಸಿತು. ಮಾಲೀಕರೆಲ್ಲ ನಲವತ್ತು ಪುಟದ ಲಗತ್ತಿನೊಂದಿಗೆ ಆರಾರು ಪ್ರತಿ ಅರ್ಜಿ ಕೊಟ್ಟು ಕಾದರು.

ಆರು ತಿಂಗಳ ನಂತರ ಮಾಲೀಕರ ಸಂಘದ ಅಧ್ಯಕ್ಷ ಹಮೀದಣ್ಣ ಅರ್ಜಿ ಕೊಟ್ಟ ಕಚೇರಿಗೆ ಹೋದರು.

"ಸಾರ್, ಬರುವ ತಿಂಗಳು ಮಿಲ್ಲುಗಳಿಗೆ ಬೀಗ ಹಾಕ್ಬೇಕಾಗ್ತದೆ. ನಮ್ಮ ಅರ್ಜಿ ಎಂತಾಯ್ತು?"

"ಓದುವುದು ಆಮೇಲೆ ಮಾರಾಯ್ರೆ, ಇಡ್ಲಿಕ್ಕೇ ಜಾಗ ಇಲ್ಲ," ಎಂದರು ಗುಮಾಸ್ತರು. "ಮೊದ್ಲು ಇಪ್ಪತ್ತು ಕಪಾಟು ಆಗ್ಬೇಕು. ಮರದ್ದೇ ಆಗ್ಬೇಕಂತೆ, ನಿಮ್ಮ ಮಿಲ್ಲುಗಳಿಂದಲೇ ತಗೊಳ್ಬೇಕಂತೆ. ನಿನ್ನೆಯೇ ಆದೇಶ ಬಂತು."

ಹಮೀದಣ್ಣ ಮೆಟ್ಟಿಲಿಳಿಯುತ್ತಲೇ ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದರು.

"ನಾಳೆಯಿಂದ ಎಲ್ಲರೂ ದಿನಕ್ಕೊಂದು ಅರ್ಜಿ ಕೊಡ್ಲಿ. ಲಗತ್ತು ದಪ್ಪ ಇರ್ಲಿ."